ಹಗೇವು ಮತ್ತು ಹಲಗೆ

ಕಳೆದ ವರ್ಷ ಯುಗಾದಿ ಮುಗಿದ ಮರುವಾರ ನನ್ನ ತಮ್ಮನ ಮಗ ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದ. ಅಣ್ಣಿಗೇರಿಯ ಹೊರಗೆ, ಗದಗ ರಸ್ತೆಯ ಬದಿಗೆ ಅವನದೊಂದು ಸಣ್ಣ ಕಾರಖಾನೆಯಿದೆ. ಟ್ರ್ಯಾಕ್ಟರಿಗೆ ಹೂಡುವ ಕೂರಿಗೆ, ಕುಂಟೆ, ನೇಗಿಲುಗಳನ್ನು ಅಲ್ಲಿ ಮಾಡುತ್ತಾರೆ. ಕೆಲಸಗಾರರು 26 ಜನ. ಕೆಲವರು ಊರಿನವರೇ, ಕೆಲವರು ನವಲಗುಂದದ ಕಡೆಯಿಂದ, ಇಬ್ಬರು ಕುಂದಗೋಳದ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು. ಬಣ್ಣ ಬಳಿಯುವವ ಮಾತ್ರ ಕಲಘಟಗಿಯವ.

“ಕಾಕಾ, ಇಷ್ಟು ಕನ್ನಡದಾಗ ಬರದು ಕೊಡ್ರಿ. ಗ್ವಾಡಿಗೆ ಹಚ್ಚಬೇಕಾಗೇತಿ. ನಮ್ಮ ಹುಡುಗರಿಗೆ ಇದರಾಗ ಒಂದಕ್ಷರ ತಿಳಿಯಂಗಿಲ್ಲ” ಎಂದ.

ಕಾಗದದ ತುಂಬ ಜಪಾನೀ ಶಬ್ದಗಳು, ಅವುಗಳ ಮಗ್ಗುಲಲ್ಲಿ ಇಂಗ್ಲಿಷು. ಕೇಂದ್ರ ಸರಕಾರದ ಸಣ್ಣ ಉದ್ದಿಮೆಗಳ ಸಚಿವಾಲಯವು 2009ರಲ್ಲಿ ಆರಂಭಿಸಿ, 2023ರ ಮಾರ್ಚಿನಲ್ಲಿ ಹೊಸ ರೂಪದಲ್ಲಿ ಮತ್ತೆ ತಂದ ಒಂದು ಯೋಜನೆಯಿದೆ. ಸಣ್ಣ ಕಾರಖಾನೆಗಳು ‘ಲೀನ್’ ಎಂಬ ಉತ್ಪಾದನಾ ಪದ್ಧತಿಯನ್ನು ಕಲಿಯಬೇಕು, ಕಲಿಸಲು ಬರುವ ಸಲಹೆಗಾರನ ವೆಚ್ಚದಲ್ಲಿ 90 ಶೇಕಡಾ ಪಾಲನ್ನು ಸರಕಾರ ಕೊಡುತ್ತದೆ ಎಂಬುದು ಅದರ ಸಾರಾಂಶ. ಹುಡುಗ ಅದಕ್ಕೆ ಹೆಸರು ಬರೆಸಿದ್ದ. ನಾನು ಮೂವತ್ತೆರಡು ವರ್ಷ ಪಂಪ ರನ್ನರನ್ನು ಪಾಠ ಹೇಳಿದವನು. ಲೇಥು ಯಂತ್ರದ ಮುಖ ಯಾವುದು, ಬೆನ್ನು ಯಾವುದು ಎಂದು ಅರಿಯದವನು. ಆದರೆ ಶಬ್ದ ಎಂದ ಕೂಡಲೆ ನನ್ನಂಥವರಿಗೆ ಒಂದು ಚಪಲ ಹುಟ್ಟುತ್ತದೆ. ಒಪ್ಪಿಕೊಂಡೆ.

ಮೊದಲ ತೊಡಕು ಹೆಸರಿನಲ್ಲಿಯೇ ಬಂದಿತು. ‘ಲೀನ್’ ಎಂದು ಕನ್ನಡದಲ್ಲಿ ಬರೆದರೆ ನಮ್ಮವರು ‘ಲೀನ’ ಎಂದೇ ಓದುತ್ತಾರೆ. ಲೀನ ಎಂದರೆ ಕರಗಿಹೋದದ್ದು, ಬಯಲಾದದ್ದು. ಕಾರಖಾನೆಯ ಬಾಗಿಲ ಮೇಲೆ ಬರೆಯುವ ಮಾತೇ ಅದು? ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಕೊಬ್ಬಿಲ್ಲದ್ದು ಎಂಬ ಅರ್ಥ. ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕದ ತಂತ್ರಜ್ಞ 1988ರಲ್ಲಿ ಜಪಾನಿನ ಟೊಯೋಟ ಕಾರಖಾನೆಯ ರೀತಿಯನ್ನು ವಿವರಿಸುವ ಲೇಖನದಲ್ಲಿ ಇದನ್ನು ಬಳಸಿದ. 1990ರಲ್ಲಿ ವೊಮ್ಯಾಕ್, ಜೋನ್ಸ್, ರೂಸ್ ಎಂಬ ಮೂವರು ಬರೆದ ಪುಸ್ತಕ ಅದನ್ನು ಲೋಕಕ್ಕೆಲ್ಲ ಹಬ್ಬಿಸಿತು. ಜಪಾನೀಯರಿಗೆ ತಮ್ಮ ಪದ್ಧತಿಗೆ ಈ ಹೆಸರು ಬಂದದ್ದು ಹೀಗೆ ಹೊರಗಿನಿಂದ.

ಕನ್ನಡಕ್ಕೆ ಏನು ಮಾಡುವುದು? ‘ಕೃಶ’ ಎಂದರೆ ರೋಗಿಯ ನೆನಪು. ‘ಸಣಕಲು’ ಎಂದರೆ ನಗೆ. ನನಗೆ ಪಂಪ ನೆನಪಾದ. ಅಣ್ಣಿಗೇರಿ ಅವನ ತಾಯಿಯ ತವರೂರಾದ್ದರಿಂದ ನೆನೆಯುವ ಹಕ್ಕು ನಮಗೆ ಸ್ವಲ್ಪ ಹೆಚ್ಚು! ಆದಿಪುರಾಣವನ್ನು ಮೂರು ತಿಂಗಳಲ್ಲಿ, ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಹೇಳಿಕೊಳ್ಳುವ ಕವಿ ಅವನು. ಕಥೆ ಎಷ್ಟು ದೊಡ್ಡದಾದರೂ ಅದರ ಶರೀರಕ್ಕೆ ಊನ ಬಾರದಂತೆ ಸಮಸ್ತವನ್ನೂ ಹೇಳುವುದು ತನ್ನ ಹಿರಿಮೆಯೆಂದು ಅವನ ಅಭಿಮಾನ. ಕಿರಿದು ಮಾಡುವುದು ಬೇರೆ, ಊನ ಮಾಡುವುದು ಬೇರೆ. ಈ ಭೇದವನ್ನು ಒಳಗಿಟ್ಟುಕೊಂಡ ಕನ್ನಡದ ಮಾತು ಯಾವುದೆಂದು ಎರಡು ದಿನ ಯೋಚಿಸಿ ‘ಹದ’ ಎಂಬುದನ್ನು ಆರಿಸಿದೆ. ಎರೆಮಣ್ಣಿಗೆ ಹದ ಬರಬೇಕು, ಕಾಯಿಸಿದ ಕಬ್ಬಿಣಕ್ಕೆ ಹದ ಬರಬೇಕು, ಹೋಳಿಗೆಯ ಕಣಕಕ್ಕೂ ಹದ ಬರಬೇಕು. ‘ಹದದ ಕೆಲಸ’ ಎಂದು ಬರೆದುಕೊಟ್ಟೆ. ಹುಡುಗನಿಗೆ ಅಷ್ಟೇನೂ ರುಚಿಸಲಿಲ್ಲ. ಕೆಲಸಗಾರರಿಗೆ ಕೂಡಲೆ ತಿಳಿಯಿತು.

ಮುಂದಿನ ಶಬ್ದಗಳಿಗೆ ಇಷ್ಟು ಸಾಲಲಿಲ್ಲ. ವಸ್ತುವನ್ನೇ ತಿಳಿಯದೆ ಶಬ್ದವನ್ನು ತರುವುದು ಹೇಗೆ? ಪುಸ್ತಕ ತರಿಸಿ ಓದಿದೆ. ಓದುತ್ತ ಹೋದಂತೆ ಒಂದು ಸೋಜಿಗ ಕಾದಿತ್ತು. ಮೋಟಾರು ಕಾರಿನ ಈ ವಿದ್ಯೆಯೆಲ್ಲ ಹುಟ್ಟಿದ್ದು ಮಗ್ಗದಲ್ಲಿ.

ಸಕಿಚಿ ಟೊಯೋಡ ಎಂಬವನು ಬಡಗಿಯ ಮಗ. ಹುಟ್ಟಿದ್ದು 1867ರಲ್ಲಿ. ಅವನು ಮೊದಲು ಕಟ್ಟಿದ್ದು ಕಟ್ಟಿಗೆಯ ಕೈಮಗ್ಗ. ಮುಂದೆ ಹಲವು ದಶಕಗಳ ಪರಿಶ್ರಮದಿಂದ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದ ಹೆಚ್ಚಳವೆಂದರೆ, ಒಂದು ಎಳೆ ಹರಿದರೆ ಮಗ್ಗ ತಾನೇ ನಿಂತುಬಿಡುತ್ತಿತ್ತು. ಅದಕ್ಕಿಂತ ಮೊದಲು ಎಳೆ ಹರಿದರೂ ಯಂತ್ರ ನೇಯುತ್ತಲೇ ಹೋಗುತ್ತಿತ್ತು. ಮೊಳಗಟ್ಟಲೆ ಬಟ್ಟೆ ಕೆಟ್ಟ ಮೇಲೆ ತಪ್ಪು ಕಾಣುತ್ತಿತ್ತು. ಆದ್ದರಿಂದ ಪ್ರತಿಯೊಂದು ಯಂತ್ರದ ಮುಂದೆಯೂ ಒಬ್ಬ ಮನುಷ್ಯ ಕಣ್ಣು ನೆಟ್ಟು ನಿಲ್ಲಬೇಕಾಗಿತ್ತು. ಯಂತ್ರ ತಾನೇ ನಿಲ್ಲುವುದನ್ನು ಕಲಿತಾಗ ಮನುಷ್ಯನಿಗೆ ಆ ಕಾವಲಿನಿಂದ ಬಿಡುಗಡೆಯಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಕೊಂಡಿತು. ಲೋಕಕ್ಕೆಲ್ಲ ಜವಳಿ ಯಂತ್ರ ಮಾರುತ್ತಿದ್ದ ದೇಶವೇ ಕೊಳ್ಳಲು ಬಂದಿತೆಂಬುದನ್ನು ಗಮನಿಸಬೇಕು. ಸಕಿಚಿಯ ಮಗ ಕಿಚಿರೋ 1937ರಲ್ಲಿ ಮೋಟಾರು ಕಂಪನಿಯನ್ನು ಸ್ಥಾಪಿಸಿದ. ಆ ಕಂಪನಿಯ ಉತ್ಪಾದನಾ ಪದ್ಧತಿಯನ್ನು ರೂಪಿಸಿದ ತಾಯಿಚಿ ಓನೋ ಕೂಡ 1932ರಿಂದ ಹತ್ತು ವರ್ಷಕ್ಕೂ ಮಿಗಿಲಾಗಿ ಟೊಯೋಡರ ನೂಲಿನ ಗಿರಣಿಯಲ್ಲಿ ದುಡಿದು, 1943ರಲ್ಲಿ ಮೋಟಾರಿನ ಕಡೆಗೆ ಬಂದವನು.

ಇದನ್ನು ಓದಿದ ಮರುದಿನ ನಾನು ನವಲಗುಂದಕ್ಕೆ ಹೋದೆ. ಅಲ್ಲಿಯ ಕಾಲೇಜಿನಲ್ಲಿ ಹನ್ನೊಂದು ವರ್ಷ ಕಲಿಸಿದ್ದರೂ ಜಮಖಾನೆ ನೇಯುವ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಇದು ನನ್ನ ಅಪರಾಧ. ನವಲಗುಂದದ ಜಮಖಾನೆಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯಿದೆ. ನೇಯುವವರು ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳು. ಗೋಡೆಗೆ ಒರಗಿಸಿದಂತೆ ನೆಟ್ಟಗೆ ನಿಂತ ಮಗ್ಗ, ಅದರಲ್ಲಿ ಪಗಡೆಯ ಹಾಸು, ನವಿಲು, ಹೂವು. ನಾನು ಹೋದಾಗ ಒಬ್ಬ ಹಿರಿಯ ಹೆಣ್ಣುಮಗಳು ಬೆರಳಿನಿಂದ ನೇಯ್ಗೆಯ ನಾಲ್ಕು ಸಾಲನ್ನು ಬಿಚ್ಚುತ್ತಿದ್ದಳು. ನವಿಲಿನ ಕೊರಳಲ್ಲಿ ಒಂದು ಎಳೆ ತಪ್ಪಿತ್ತಂತೆ.

“ಇಷ್ಟ ತಪ್ಪಿದ್ರ ಯಾರಿಗೆ ಕಾಣಸ್ತೈತಿ, ಆಪಾ?” ಎಂದೆ.

“ಈಗ ಬಿಚ್ಚಿದ್ರ ನಾಕ ಸಾಲು, ಸರ. ನಾಳಿಗೆ ಬಿಚ್ಚಿದ್ರ ನವಲು ಪೂರಾ ಹೋಗತೈತಿ” ಎಂದಳು.

ಜಪಾನಿನವರು ‘ಜಿದೋಕ’ ಎಂದು ಕರೆಯುವ ಒಂದು ತತ್ತ್ವವನ್ನು ನಾನು ಮೂರು ಪುಸ್ತಕಗಳಲ್ಲಿ ಓದಿ ಅರ್ಧಂಬರ್ಧ ತಿಳಿದುಕೊಂಡಿದ್ದೆ. ಉಳಿದರ್ಧ ಆ ಮಾತಿನಿಂದ ತಿಳಿಯಿತು. ಟೊಯೋಟದ ಕಾರು ಜೋಡಿಸುವ ಸಾಲಿನಲ್ಲಿ ಒಂದು ಹಗ್ಗ ತೂಗುತ್ತಿರುತ್ತದೆ. ತಪ್ಪು ಕಂಡ ಯಾವ ಕೆಲಸಗಾರನಾದರೂ ಅದನ್ನು ಜಗ್ಗಬಹುದು. ಜಗ್ಗಿದ ಕೂಡಲೆ ದೀಪ ಹೊತ್ತುತ್ತದೆ, ಮೇಲಿನವನು ಓಡಿಬರುತ್ತಾನೆ, ಸರಿಯಾಗದಿದ್ದರೆ ಸಾಲೇ ನಿಲ್ಲುತ್ತದೆ. ಸಾಮಾನ್ಯ ಕೆಲಸಗಾರನ ಕೈಗೆ ಇಡೀ ಕಾರಖಾನೆಯನ್ನು ನಿಲ್ಲಿಸುವ ಅಧಿಕಾರ! ನಮ್ಮಲ್ಲಿ ಗುಮಾಸ್ತ ಒಂದು ಕಾಗದವನ್ನು ನಿಲ್ಲಿಸಬಲ್ಲ, ಅದು ಬೇರೆ ಬಗೆಯದು.

ಎರಡನೆಯ ತತ್ತ್ವ ‘ಕಾನ್‌ಬಾನ್’. ಈ ಶಬ್ದಕ್ಕೆ ಅರ್ಥ ಬರಿಯ ಹಲಗೆ, ಫಲಕ. ಅಮೆರಿಕದ ದೊಡ್ಡ ಕಿರಾಣಿ ಅಂಗಡಿಗಳ ರೀತಿಯಿಂದ ಓನೋ ಇದನ್ನು ಹಿಡಿದ. ಗಿರಾಕಿ ಕಪಾಟಿನಿಂದ ಎಷ್ಟು ಸಾಮಾನು ಒಯ್ಯುತ್ತಾನೋ ಅಷ್ಟನ್ನು ಮಾತ್ರ ಹಿಂದಿನಿಂದ ತುಂಬುತ್ತಾರೆ. ಕಾರಖಾನೆಯಲ್ಲಿಯೂ ಹಾಗೆಯೇ. ಮುಂದಿನ ಕೆಲಸದವನು ಹಿಂದಿನವನ ಗಿರಾಕಿ. ಅವನು ಹತ್ತು ಬಿಡಿಭಾಗ ಒಯ್ದು ಒಂದು ಚೀಟಿ ಬಿಟ್ಟುಹೋದರೆ ಇವನು ಹತ್ತನ್ನು ಮಾಡಬೇಕು; ಚೀಟಿಯಿಲ್ಲದೆ ಒಂದನ್ನೂ ಮಾಡಬಾರದು. ಇದನ್ನು ಕೇಳಿದಾಗ ನಮ್ಮ ಕಲಘಟಗಿಯ ಬಣ್ಣದವ ನಕ್ಕುಬಿಟ್ಟ. ಕಲಘಟಗಿಯ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದದ್ದು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪುರಾಣದ ಚಿತ್ರಗಳು. ಅಲ್ಲಿ ಯಾರೂ ತೊಟ್ಟಿಲನ್ನು ಮಾಡಿ ಅಂಗಡಿಯಲ್ಲಿ ರಾಶಿ ಹಾಕುವುದಿಲ್ಲ. ಬಸುರಿಯ ತವರಿನವರು ಬಂದು ಹೇಳಿದ ಮೇಲೆಯೇ ಉಳಿ ಹಿಡಿಯುತ್ತಾರೆ.

ಇಲ್ಲಿ ಓದುಗರು ಕೇಳಬಹುದು: ರಾಶಿ ಹಾಕಿದರೆ ಕೆಡುಕೇನು? ಅದನ್ನು ನಾನು ಕಾರಖಾನೆಯಲ್ಲಿಯೇ ನೋಡಿದೆ. ಕೂರಿಗೆಯ ಕುಳಗಳನ್ನು ಅವರು ಒಮ್ಮೆಗೆ ನಾಲ್ಕು ನೂರರಂತೆ ಒತ್ತುತ್ತಿದ್ದರು. ಯಾಕೆಂದರೆ ಒತ್ತುವ ಯಂತ್ರದ ಅಚ್ಚನ್ನು ಬದಲಿಸಲು ಎರಡು ತಾಸು ಬೇಕಾಗುತ್ತಿತ್ತು. ಇಷ್ಟು ಕಷ್ಟಪಟ್ಟು ಬದಲಿಸಿದ ಮೇಲೆ ನಲವತ್ತು ಮಾಡಿ ಬಿಟ್ಟರೆ ನಷ್ಟವೆಂಬ ಲೆಕ್ಕ. ನಾಲ್ಕು ನೂರು ಕುಳ ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಹದಿನೈದು ದಿನಗಳ ಮೇಲೆ ಕೂರಿಗೆಗೆ ಜೋಡಿಸಲು ಹೋದಾಗ, ಒಂದು ಸಲ, ತೂತು ಅರ್ಧ ಬೆರಳು ಓರೆಯಾಗಿದ್ದುದು ಕಂಡಿತು. ನಾಲ್ಕು ನೂರೂ ಕೆಟ್ಟಿದ್ದವು. ಯಾರು ಕೆಡಿಸಿದರು, ಯಾವಾಗ, ಏಕೆ? ಆ ಹೊತ್ತಿಗೆ ಯಾರಿಗೂ ನೆನಪಿಲ್ಲ. ರಾಶಿಯು ತಪ್ಪನ್ನು ಮುಚ್ಚಿಟ್ಟು ಸಾಕುತ್ತದೆ. ಬೇಸಗೆಯಲ್ಲಿ ಕೆರೆಯ ನೀರು ಇಳಿದಾಗ ಕಲ್ಲುಗಳು ಕಾಣುವಂತೆ, ರಾಶಿ ಇಳಿದಾಗ ಕೆಲಸದ ಕುಂದುಗಳು ಕಾಣುತ್ತವೆ ಎಂದು ಈ ಪದ್ಧತಿಯವರು ಹೇಳುವುದು ಇದಕ್ಕಾಗಿಯೇ.

ಹಾಗಾದರೆ ನಿಜವಾದ ರೋಗ ಅಚ್ಚು ಬದಲಿಸುವ ಆ ಎರಡು ತಾಸು. ಶಿಗೆಯೊ ಶಿಂಗೊ ಎಂಬ ತಂತ್ರಜ್ಞ ಟೊಯೋಟದ ಒಂದು ಸಾವಿರ ಟನ್ನಿನ ಒತ್ತುಯಂತ್ರದಲ್ಲಿ ನಾಲ್ಕು ತಾಸು ಹಿಡಿಯುತ್ತಿದ್ದ ಈ ಕೆಲಸವನ್ನು ಮೊದಲು ತೊಂಬತ್ತು ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದನಂತೆ. ಯಂತ್ರ ನಿಂತಾಗ ಮಾಡಲೇಬೇಕಾದ ಕೆಲಸ ಯಾವುದು, ಅದು ನಡೆಯುತ್ತಿರುವಾಗಲೇ ಮುಂಚಿತವಾಗಿ ಸಿದ್ಧಮಾಡಿಡಬಹುದಾದ ಕೆಲಸ ಯಾವುದು ಎಂದು ವಿಂಗಡಿಸುವುದೇ ಅವನ ಉಪಾಯ. ಮನೆಗೆ ನೆಂಟರು ಬಂದ ಮೇಲೆ ಅಕ್ಕಿ ಆರಿಸಲು ಕೂಡುವವಳನ್ನು ನಮ್ಮ ಅಜ್ಜಿಯರು ಏನೆನ್ನುತ್ತಿದ್ದರೋ ಅದನ್ನೇ ಅವನು ಕಾರಖಾನೆಗೆ ಹೇಳಿದ. ಅಣ್ಣಿಗೇರಿಯಲ್ಲಿ ಗಡಿಯಾರ ಹಿಡಿದು ನೋಡಿದಾಗ ಎರಡು ತಾಸಿನಲ್ಲಿ ಐವತ್ತು ನಿಮಿಷ ಪಾನೆ ಹುಡುಕುವುದರಲ್ಲಿಯೇ ಹೋಗುತ್ತಿತ್ತು. ಈಗ ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಪಾನೆಯ ನೆರಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಬರೆದವ ಕಲಘಟಗಿಯವನೇ. ಒಂದು ಪಾನೆಯ ಸುತ್ತ ಅವನು ಬಳ್ಳಿಯನ್ನೂ ಬಿಡಿಸಿದ್ದಾನೆ. ಅಚ್ಚು ಬದಲಿಸಲು ಈಗ ಮೂವತ್ತೈದು ನಿಮಿಷ, ಕುಳ ಒತ್ತುವುದು ಒಮ್ಮೆಗೆ ಅರವತ್ತು.

ಇನ್ನು ‘ಮುಡಾ’. ವ್ಯರ್ಥ ಎಂದು ಇದರ ಅರ್ಥ. ಪತ್ರಿಕೆ ಓದುವ ಹುಡುಗನೊಬ್ಬ “ಇದು ಮೈಸೂರಿನ ಸೈಟಿಂದೇನ್ರಿ ಸರ?” ಎಂದು ಕೇಳಿದ್ದರಿಂದ ಜಪಾನೀ ಶಬ್ದವನ್ನು ಹಾಗೆಯೇ ಇಡುವ ಆಸೆಯನ್ನು ಬಿಟ್ಟು, ‘ದಂಡ’ ಎಂದು ಬರೆದೆ. ಏಳು ಬಗೆಯ ದಂಡವನ್ನು ಓನೋ ಎಣಿಸಿದ್ದಾನೆ: ಬೇಕಾದುದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಹೊತ್ತು ತಿರುಗುವುದು, ಕೂಡಿಹಾಕುವುದು, ಸುಮ್ಮನೆ ಓಡಾಡುವುದು, ಬೇಡದ ನಯನಾಜೂಕು ಮಾಡುವುದು, ಕೆಡಿಸುವುದು. ನೆಲದಲ್ಲಿ ಹೂತುಹೋಗುವ ಕುಳದ ತುದಿಯನ್ನು ಕನ್ನಡಿಯಂತೆ ಉಜ್ಜುತ್ತಿದ್ದುದು ಆರನೆಯದಕ್ಕೆ ಸೇರಿತು. ಸಾಹಿತ್ಯದಲ್ಲಿ ಈ ಆರನೆಯದಕ್ಕೆ ಉದಾಹರಣೆಗಳನ್ನು ನಾನು ಕೊಡಬಲ್ಲೆ, ಕೊಡುವುದಿಲ್ಲ.

ಹಲಗೆಗಳನ್ನು ಗೋಡೆಗೆ ಹಚ್ಚಿದ ದಿನ ಎಲ್ಲರೂ ಓದಿದರು. ಭಟ್ಟಿಯ ಕೆಲಸದ ಹಿರಿಯರೊಬ್ಬರು, ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ನನ್ನನ್ನು ಬದಿಗೆ ಕರೆದರು.

“ಸರ, ಕಾಯೂದು ದಂಡ ಅಂತ ಬರದೀರಿ. ಎರಡ ತಾಸು ಭಟ್ಟಿ ಮುಂದ ನಿಂತ ಮ್ಯಾಲ ನಾ ಹತ್ತ ಮಿನಿಟು ಬೇವಿನ ಗಿಡದ ಬುಡಕ ಹೋಗಿ ಕೂಡ್ತೀನ್ರಿ. ಅದು ಯಾವ ನಂಬರಿನ್ಯಾಗ ಬರತೈತಿ? ಮತ್ತ ಈ ದಂಡ ಎಲ್ಲಾ ತಗದ ಮ್ಯಾಲ ಇಪ್ಪತ್ತಾರು ಮಂದಿ ಬೇಕಾಗತಾರೋ, ಇಪ್ಪತ್ತು ಸಾಕಾಗತಾರೋ?”

ನನ್ನ ಬಳಿ ಉತ್ತರವಿರಲಿಲ್ಲ. ನಾನು ಬರೆದುಕೊಟ್ಟ ಶಬ್ದ ಆ ಮನುಷ್ಯನ ಅನ್ನದ ಮೇಲೆ ಬಿದ್ದಿತ್ತು. ಮನೆಗೆ ಬಂದು ಮತ್ತೆ ಪುಸ್ತಕ ತೆರೆದೆ. ಆಗ ಕಂಡಿತು: ಜಪಾನೀಯರು ಹೇಳುವುದು ಒಂದು ಶಬ್ದವನ್ನಲ್ಲ, ಮೂರನ್ನು. ಮುಡಾ, ಮುರಾ, ಮುರಿ. ವ್ಯರ್ಥ, ಏರುಪೇರು, ಮನುಷ್ಯನಿಗಾಗಲಿ ಯಂತ್ರಕ್ಕಾಗಲಿ ಮಿತಿಮೀರಿ ಹೇರಿದ ಹೊರೆ. ಮೂರನ್ನೂ ತೆಗೆಯಬೇಕು. ಸಲಹೆಗಾರನ ಕಾಗದದಲ್ಲಿ ಮೊದಲನೆಯದಷ್ಟೇ ಇತ್ತು! ಇದು ಅವನೊಬ್ಬನ ಮರೆವಲ್ಲ. ಈ ವಿದ್ಯೆ ದೇಶದಿಂದ ದೇಶಕ್ಕೆ ಹೋಗುವಾಗ ಹಲವು ಕಡೆ ಮೂರನೆಯ ಶಬ್ದ ದಾರಿಯಲ್ಲಿ ಬಿದ್ದುಹೋಗಿದೆ. ಮಾಲೀಕನಿಗೆ ಲಾಭ ತರುವ ಶಬ್ದ ಬೇಗ ಅನುವಾದವಾಗುತ್ತದೆ.

ಟೊಯೋಟದ ಚರಿತ್ರೆಯಲ್ಲಿಯೂ ಈ ಪ್ರಶ್ನೆ ಬಂದಿತ್ತು. 1950ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದು ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಡಬೇಕಾಯಿತು. ದೊಡ್ಡ ಮುಷ್ಕರವಾಯಿತು. ಹೊಣೆ ಹೊತ್ತು ಸ್ಥಾಪಕ ಕಿಚಿರೋ ಟೊಯೋಡನೇ ಅಧ್ಯಕ್ಷ ಪದವಿಯನ್ನು ಬಿಟ್ಟ. ಆಮೇಲೆ ಅಲ್ಲಿ ಬೆಳೆದ ಪದ್ಧತಿ ಖಾಯಂ ಕೆಲಸಗಾರನ ನೌಕರಿ ಭದ್ರವೆಂಬ ನಂಬುಗೆಯ ಮೇಲೆ ನಿಂತಿತು. ಇದು ದಯೆಯ ಮಾತಲ್ಲ, ಲೆಕ್ಕದ ಮಾತು. ಕೆಲಸವನ್ನು ಹಗುರ ಮಾಡುವ ಉಪಾಯ ಕೆಲಸಗಾರನಿಗೇ ಗೊತ್ತು. ಆ ಉಪಾಯ ಹೇಳಿದರೆ ತನ್ನ ಕೆಲಸವೇ ಹೋಗುವುದಾದರೆ ಅವನು ಬಾಯಿ ಬಿಡುವನೆ?

ನಮ್ಮ ನಾಡಿನಲ್ಲಿ ಈ ಪದ್ಧತಿಯ ತವರು ಬಿಡದಿ. ಅಲ್ಲಿ 1997ರಲ್ಲಿ ಟೊಯೋಟ ಮತ್ತು ಕಿರ್ಲೋಸ್ಕರ ಮನೆತನಗಳು ಕೂಡಿ ಕಂಪನಿ ಸ್ಥಾಪಿಸಿದವು. 1999ರ ಡಿಸೆಂಬರಿನಲ್ಲಿ ಕಾರು ಹೊರಬರತೊಡಗಿದವು. ಜಪಾನಿನವರದು ಮಗ್ಗದ ಮನೆತನವಾದರೆ ಕಿರ್ಲೋಸ್ಕರರದು ನೇಗಿಲಿನ ಮನೆತನ. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲ. ಬಿಡದಿಯಲ್ಲಿ 2007ರಿಂದ ಒಂದು ತರಬೇತಿ ಶಾಲೆಯೂ ಇದ್ದು, ಹತ್ತನೆಯ ತರಗತಿ ಮುಗಿಸಿದ ಬಡ ಹಳ್ಳಿಯ ಮಕ್ಕಳನ್ನು ಇಟ್ಟುಕೊಂಡು ಕಲಿಸುತ್ತದೆ. ಆದರೆ ಅದೇ ಕಾರಖಾನೆಯಲ್ಲಿ 2014ರ ಮಾರ್ಚಿನಲ್ಲಿಯೂ 2020ರ ನವೆಂಬರಿನಲ್ಲಿಯೂ ಕೆಲಸಗಾರರಿಗೂ ಆಡಳಿತಕ್ಕೂ ವಿವಾದ ಬೆಳೆದು ಬಾಗಿಲಿಗೆ ಬೀಗ ಬಿದ್ದಿತೆಂಬುದನ್ನೂ ಹೇಳಬೇಕು. ತಪ್ಪು ಯಾರದೆಂದು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ಪದ್ಧತಿಯ ತವರಿನಲ್ಲಿಯೇ ಭಟ್ಟಿಯ ಹಿರಿಯರ ಪ್ರಶ್ನೆ ಮುಗಿದಿಲ್ಲ ಎಂಬಷ್ಟು ನಿಜ.

ನಾನು ಹುಡುಗನಿಗೆ ಹೇಳಿದೆ: “ನೀ ಒಂದು ಕಾಗದದ ಮ್ಯಾಲ ಬರದು ಸಹಿ ಮಾಡು. ಈ ಕೆಲಸದಿಂದ ಯಾರನ್ನೂ ತಗಿಯೂದಿಲ್ಲ ಅಂತ. ಇಲ್ಲಂದ್ರ ನನ್ನ ಹಲಗಿ ತಿರುಗಿ ಕೊಡು.” ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಬರೆದ. ಎರಡು ವರ್ಷದ ಮಟ್ಟಿಗೆ ಎಂದು ಒಂದು ಮಾತು ಸೇರಿಸಿದ, ಇರಲಿ. ‘ಅತಿಹೇರು’ ಎಂಬ ಹೊಸ ಹಲಗೆ ಬಂದಿತು. ಬೇವಿನ ಗಿಡದ ಕೆಳಗೆ ಒಂದು ಬೆಂಚೂ ಬಂದಿತು. ಕೈ ಬಿಡುವಾದ ಇಬ್ಬರು ಈಗ ಮೋಟಾರ್ ಸೈಕಲ್ಲಿನ ಮೇಲೆ ಹಳ್ಳಿಗಳಿಗೆ ಹೋಗಿ ಕೂರಿಗೆ ರಿಪೇರಿ ಮಾಡಿ ಬರುತ್ತಾರೆ.

ಉಳಿದದ್ದು ‘ಏರುಪೇರು’. ಇಲ್ಲಿ ಮಾತ್ರ ನಮ್ಮ ನೆಲ ಜಪಾನಿನ ಮಾತನ್ನು ಕೇಳಲಿಲ್ಲ. ದಿನವೂ ಸಮವಾಗಿ, ಬೇಡಿಕೆ ಬಂದಷ್ಟೇ ಮಾಡಬೇಕೆಂದು ಸಲಹೆಗಾರನ ಒತ್ತಾಯ. ಆದರೆ ಕೂರಿಗೆಗೆ ಬೇಡಿಕೆ ಬರುವುದು ಮುಗಿಲಿನಿಂದ! ರೋಹಿಣಿ ಮಳೆ ಬಿದ್ದು ಎರೆ ಹದವಾದರೆ ಹೆಸರು ಬಿತ್ತಲು ನಾಲ್ಕೈದು ದಿನ ಮಾತ್ರ ಸಮಯ. ಹಿಂಗಾರಿಯಲ್ಲಿ ಕಡಲೆಗೂ ಜೋಳಕ್ಕೂ ಅದೇ ಕಥೆ. ಮಳೆಯ ಮರುದಿನ ಬೆಳಗಿನಲ್ಲಿ ಬಾಗಿಲಿಗೆ ಬಂದ ನವಲಗುಂದದ ರೈತನಿಗೆ ‘ಚೀಟಿ ಬರೆಸಿ ಹೋಗಿರಿ, ಮುಂದಿನ ವಾರ ಬರ್ರಿ’ ಎನ್ನಬಹುದೆ? ಇದು ಹಗೇವಿನ ಸೀಮೆ. ನೆಲದಲ್ಲಿ ಕುಳಿ ತೋಡಿ, ಹುಲ್ಲು ಹಾಸಿ, ವರ್ಷಗಟ್ಟಲೆ ಜೋಳ ತುಂಬಿಡುತ್ತಿದ್ದ ಜನ ನಾವು. 1876ರಿಂದ 1878ರ ವರೆಗಿನ ಬರದ ಕಥೆಗಳನ್ನು ಕೇಳುತ್ತ ಬೆಳೆದವರಿಗೆ ಕೂಡಿಟ್ಟದ್ದೆಲ್ಲ ದಂಡವೆಂದರೆ ನಗೆ ಬರುತ್ತದೆ.

ಜಪಾನಿನವರೂ ಇದನ್ನು ಪೆಟ್ಟು ತಿಂದು ಕಲಿತರು. 1997ರ ಫೆಬ್ರುವರಿ 1ರಂದು ಐಸಿನ್ ಎಂಬ ಕಂಪನಿಯ ಕಾರಖಾನೆಗೆ ಬೆಂಕಿ ಬಿದ್ದಿತು. ಬ್ರೇಕಿಗೆ ಬೇಕಾದ ಅಂಗೈಯಗಲದ ಒಂದು ವಾಲ್ವು ಟೊಯೋಟಕ್ಕೆ ಬಹುತೇಕ ಅಲ್ಲಿಂದಲೇ ಬರಬೇಕಾಗಿತ್ತು. ಕೈಯಲ್ಲಿದ್ದ ಸಂಗ್ರಹ ಕೆಲವೇ ತಾಸಿನದು. ದೇಶದಲ್ಲಿಯ ಟೊಯೋಟದ ಸಾಲುಗಳು ನಿಂತವು. ಸುತ್ತಲಿನ ನೂರಾರು ಸಣ್ಣ ಕಾರಖಾನೆಗಳು ತಮ್ಮ ತಮ್ಮ ಯಂತ್ರಗಳಲ್ಲಿ ಹಗಲಿರುಳು ಆ ವಾಲ್ವನ್ನು ಮಾಡಿಕೊಟ್ಟು ವಾರದೊಳಗೆ ಸಾಲನ್ನು ಎಬ್ಬಿಸಿದವೆಂಬುದು ಬೇರೆಯೇ ಒಂದು ಸುಂದರ ಕಥೆ. ಆಮೇಲೆ 2011ರ ಭೂಕಂಪ ಬಂದಿತು. ಅದರ ತರುವಾಯ ಟೊಯೋಟ ತನಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ತಿಂಗಳುಗಟ್ಟಲೆ ಸಾಲುವಷ್ಟು ಕೂಡಿಡಬೇಕೆಂದು ಪೂರೈಕೆದಾರರಿಗೆ ಹೇಳಿತು. 2021ರಲ್ಲಿ ಲೋಕದಲ್ಲೆಲ್ಲ ಚಿಪ್ಪಿನ ಬರ ಬಿದ್ದಾಗ ಮೊದಮೊದಲು ಅದು ಇತರರಿಗಿಂತ ಹೆಚ್ಚು ಕಾಲ ತಡೆದು ನಿಂತದ್ದು ಆ ಹಗೇವಿನಿಂದ.

ಕೊನೆಗೆ ನಮ್ಮಲ್ಲಿ ಆದ ಒಪ್ಪಂದ ಹೀಗೆ. ಬಿಡಿಭಾಗಗಳು ಹಲಗೆಯ ಲೆಕ್ಕಕ್ಕೆ. ಸಿದ್ಧವಾದ ಕೂರಿಗೆ ಹಗೇವಿನ ಲೆಕ್ಕಕ್ಕೆ. ಮೇ ತಿಂಗಳ ಕೊನೆಗೆ ನಲವತ್ತು ಕೂರಿಗೆ ಅಂಗಳದಲ್ಲಿ ನಿಂತಿರಬೇಕು. ಸಲಹೆಗಾರ ತನ್ನ ವರದಿಯಲ್ಲಿ ಇದನ್ನು ಕುಂದೆಂದೇ ಬರೆದ. ಕಳೆದ ಮುಂಗಾರಿನಲ್ಲಿ ಮೂವತ್ತೇಳು ಹೋದವು, ಮೂರು ಉಳಿದವು.

ಜಗ್ಗುವ ಹಗ್ಗಕ್ಕೆ ಬದಲಾಗಿ ಹುಡುಗ ಹುಬ್ಬಳ್ಳಿಯ ಗುಜರಿಯಲ್ಲಿ ಹಳೆಯ ಶಾಲೆಯ ಗಂಟೆಯೊಂದನ್ನು ಕೊಂಡುತಂದು ಕಂಬಕ್ಕೆ ಕಟ್ಟಿದ. ಎರಡು ತಿಂಗಳು ಅದನ್ನು ಯಾರೂ ಬಾರಿಸಲಿಲ್ಲ. ಮಾಲೀಕನ ಎದುರಿಗೆ ಕೆಲಸ ನಿಲ್ಲಿಸುವುದು ಅಷ್ಟು ಸುಲಭವಲ್ಲ. ಶ್ರಾವಣದಲ್ಲಿ ನಾನು ಹೋಗಿ ಕುಳಿತಿದ್ದಾಗ ಒಂದು ದಿನ ಗಂಟೆ ಬಾರಿಸಿತು. ಭಟ್ಟಿಯ ಹಿರಿಯರೇ ಬಾರಿಸಿದವರು. ಎಲ್ಲರೂ ಕೈ ನಿಲ್ಲಿಸಿ ಹೋಗಿ ನೋಡಿದರು. ಕುಳದ ತೂತು ಮತ್ತೆ ಓರೆಯಾಗಿತ್ತು. ತೂತು ಹಾಕುವ ಯಂತ್ರದ ಒಂದು ಬೋಲ್ಟು ಸಡಿಲಿತ್ತು. ಎಣಿಸಿದಾಗ ಕೆಟ್ಟ ಕುಳ ಹನ್ನೊಂದು.